ರಾತ್ರಿ ಓಡಿದ ಸ್ಕ್ರಿಪ್ಟ್ ಬೆಳಿಗ್ಗೆ ಏನು ಹೇಳಬೇಕು?

ಲಿನಕ್ಸ್ ಕಂಪ್ಯೂಟರಿನಲ್ಲಿ ಶೆಲ್ ಸ್ಕ್ರಿಪ್ಟ್ (ಒಂದರ ಹಿಂದೊಂದು ಓಡುವ ಕಮಾಂಡ್‌ಗಳ ಫೈಲ್) ಬರೆದು, ಕೊನೆಗೆ ‘ಬ್ಯಾಕಪ್ ಮುಗಿಯಿತು’ ಎಂದು ತೋರಿಸುವ ಒಂದು ಎಕೋ ಹಾಕಿರುತ್ತೀರಿ. ಕೈಯಿಂದ ಓಡಿಸಿದಾಗ ಆ ಸಾಲು ಕಣ್ಣೆದುರೇ ಮೂಡುತ್ತದೆ. ಅದೇ ಸ್ಕ್ರಿಪ್ಟನ್ನು ರಾತ್ರಿ ಹನ್ನೊಂದೂವರೆಗೆ ಓಡಿಸು ಎಂದು ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ಗೆ ಒಪ್ಪಿಸಿದ ಮೇಲೆ ಆ ಸಾಲು ಎಲ್ಲಿಗೆ ಹೋಗುತ್ತದೆ?

ಬಾಗಲಕೋಟೆ ನವನಗರದ ಒಂದು ಪತ್ತಿನ ಸೊಸೈಟಿಯ ಕಂಪ್ಯೂಟರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಉಬುಂಟು ಲಿನಕ್ಸ್, ಲೆಕ್ಕಪತ್ರಕ್ಕೆ ಮೈಎಸ್‌ಕ್ಯೂಎಲ್ ಡೇಟಾಬೇಸ್, ಪಕ್ಕದಲ್ಲೊಂದು ಹೊರಗಿನ ಹಾರ್ಡ್‌ಡಿಸ್ಕ್. ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ತಾನಾಗಿ ಓಡುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕ್ಯಾಶಿಯರ್ ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಸರ, ನಿನ್ನಿ ರಾತ್ರಿ ಬ್ಯಾಕಪ್ ಆಗೇತೇನ್ರಿ?’ ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸ್ಕ್ರಿಪ್ಟ್. ಅದನ್ನು ಬರೆದವನಿಗೆ ಫೋನ್ ಬರುತ್ತಿದೆ ಎಂದರೆ ಸ್ಕ್ರಿಪ್ಟ್ ಅರ್ಧ ಕೆಲಸವನ್ನಷ್ಟೇ ಮಾಡಿದೆ ಎಂದರ್ಥ.

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

ಮೊದಲು ಆ ಎಕೋ ಸಾಲಿನ ಬೆನ್ನು ಹತ್ತೋಣ. ಲಿನಕ್ಸ್‌ನಲ್ಲಿ ಯಾವ ಪ್ರೋಗ್ರಾಂ ಶುರುವಾದರೂ ಅದಕ್ಕೆ ಮೂರು ದಾರಿಗಳು ತೆರೆದೇ ಇರುತ್ತವೆ. ಅವಕ್ಕೆ ಹೆಸರಿಗಿಂತ ನಂಬರ್‌ಗಳೇ ಹೆಚ್ಚು ಬಳಕೆ: ಒಳಗೆ ಬರುವುದಕ್ಕೆ 0, ಫಲಿತಾಂಶ ಹೊರಗೆ ಹೋಗುವುದಕ್ಕೆ 1, ಎರರ್‌ಗಳಿಗೆ 2. ಈ ದಾರಿಗಳು ಎಲ್ಲಿಗೆ ತಲುಪುತ್ತವೆ ಎಂಬುದನ್ನು ಪ್ರೋಗ್ರಾಂ ತೀರ್ಮಾನಿಸುವುದಿಲ್ಲ, ಅದನ್ನು ಶುರು ಮಾಡಿದವರು ತೀರ್ಮಾನಿಸುತ್ತಾರೆ. ಟರ್ಮಿನಲ್‌ನಿಂದ ಓಡಿಸಿದರೆ 1 ಮತ್ತು 2 ಎರಡೂ ಟರ್ಮಿನಲ್‌ಗೇ ಬರುತ್ತವೆ. ಕ್ರಾನ್ ಓಡಿಸಿದಾಗ ಅಲ್ಲಿ ಟರ್ಮಿನಲ್ ಇರುವುದೇ ಇಲ್ಲ.

ಎರರ್‌ಗೆ ಬೇರೆ ದಾರಿ ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. 1970ರ ದಶಕದಲ್ಲಿ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ದಾಖಲೆಗಳನ್ನು ಫೋಟೊಟೈಪ್‌ಸೆಟ್ಟರ್ ಯಂತ್ರದಲ್ಲಿ ಅಚ್ಚು ಜೋಡಿಸುತ್ತಿದ್ದರು. ಫಲಿತಾಂಶ ಮತ್ತು ಎರರ್ ಒಂದೇ ದಾರಿಯಲ್ಲಿ ಹೋಗುತ್ತಿದ್ದುದರಿಂದ, ಫೈಲ್ ಸಿಗಲಿಲ್ಲ ಎಂಬ ದೂರು ಕೂಡ ಅಂದವಾಗಿ ಅಚ್ಚಾಗಿ ಹೊರಬರುತ್ತಿತ್ತು. ಹೀಗೆ ಹಲವು ಸಲ ದುಬಾರಿ ಕಾಗದ ಹಾಳಾದ ಮೇಲೆ 2ನೇ ದಾರಿ ಬಂತು. ಅಂದು ಕಾಗದ ಉಳಿಸಿದ ಏರ್ಪಾಡು ಇಂದು ನಮ್ಮ ಬ್ಯಾಕಪ್ ಫೈಲ್‌ನೊಳಗೆ ಎರರ್ ಸಾಲು ನುಗ್ಗದಂತೆ ಕಾಯುತ್ತಿದೆ.

ಟರ್ಮಿನಲ್ ಇಲ್ಲದ ಕ್ರಾನ್ ಈ ಎರಡು ದಾರಿಗಳಲ್ಲಿ ಬಂದದ್ದನ್ನೆಲ್ಲ ಗಂಟು ಕಟ್ಟಿ, ಆ ಯೂಸರ್‌ಗೆ ಮೇಲ್ ಮಾಡಲು ನೋಡುತ್ತದೆ. ಇದು ಜಿಮೇಲ್ ಅಲ್ಲ, ಅದೇ ಕಂಪ್ಯೂಟರಿನೊಳಗಿನ ಅಂಚೆ. ಒಂದೊಂದು ಯಂತ್ರವನ್ನು ಹತ್ತಾರು ಜನ ಟರ್ಮಿನಲ್‌ನಿಂದ ಬಳಸುತ್ತಿದ್ದ ಕಾಲದಲ್ಲಿ ಇದು ಚೆನ್ನಾಗಿ ನಡೆಯುತ್ತಿತ್ತು. ಇವತ್ತಿನ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಮೇಲ್ ಸಾಗಿಸುವ ಪ್ರೋಗ್ರಾಂ (ಎಂಟಿಎ) ಸಾಮಾನ್ಯವಾಗಿ ಇರುವುದಿಲ್ಲ. ಆಗ ಕ್ರಾನ್ ಸಿಸ್ಟಮ್‌ನ ದಿನಚರಿಯಾದ ಸಿಸ್‌ಲಾಗ್‌ನಲ್ಲಿ ‘ಎಂಟಿಎ ಇಲ್ಲ, ಔಟ್‌ಪುಟ್ ಬಿಸಾಡುತ್ತಿದ್ದೇನೆ’ ಎಂಬರ್ಥದ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ನಿಮ್ಮ ‘ಬ್ಯಾಕಪ್ ಮುಗಿಯಿತು’ ಸೇರಿದ್ದು ಅಲ್ಲಿಗೆ. ಮೇಲ್ ವ್ಯವಸ್ಥೆ ಇದ್ದರೆ ಕ್ರಾನ್‌ನ ಕೆಲಸಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲಿ ಮೇಲ್‌ಟು ಎಂಬ ಒಂದು ಸಾಲು ಕೊಟ್ಟರೆ ಬೇಕಾದ ವಿಳಾಸಕ್ಕೆ ಹೋಗುತ್ತದೆ. ಆದರೆ ಸಣ್ಣ ಆಫೀಸಿನಲ್ಲಿ ಇದಕ್ಕೋಸ್ಕರ ಮೇಲ್ ಸರ್ವರ್ ಕೂರಿಸುವುದು ನನ್ನ ಪ್ರಕಾರ ದಂಡ.

ಹಾಗಾಗಿ ಎಲ್ಲರೂ ಮೊದಲು ಹಿಡಿಯುವ ದಾರಿ ಲಾಗ್ ಫೈಲ್. ಒಂದು > ಹಾಕಿದರೆ ಹಳೆಯದೆಲ್ಲ ಅಳಿಸಿ ಹೊಸದು ಬರುತ್ತದೆ, ಎರಡು >> ಹಾಕಿದರೆ ಹಳೆಯದರ ಕೆಳಗೆ ಸೇರುತ್ತದೆ. ಎರರ್ ಕೂಡ ಅದೇ ಫೈಲ್‌ಗೆ ಬರಬೇಕಾದರೆ 2>&1 ಎಂದು ಸೇರಿಸಬೇಕು. ಅದನ್ನು ಫೈಲ್ ಹೆಸರಿನ ನಂತರ ಬರೆಯಬೇಕು ಎಂಬುದು ಬಹಳ ಜನರಿಗೆ ಎಡವಟ್ಟು ಮಾಡುವ ಜಾಗ. ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್ ಎಡದಿಂದ ಬಲಕ್ಕೆ ಓದುತ್ತದೆ. 2>&1 ಎಂದರೆ ‘1 ಈ ಕ್ಷಣ ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಗೇ 2 ಕೂಡ ಹೋಗಲಿ’ ಎಂದು. ಫೈಲ್‌ಗೆ ತಿರುಗಿಸುವ ಮೊದಲೇ ಹೀಗೆ ಬರೆದರೆ 2 ಹಳೆಯ ಜಾಗಕ್ಕೇ ಅಂಟಿಕೊಳ್ಳುತ್ತದೆ. ಲಾಗ್‌ನಲ್ಲಿ ಫಲಿತಾಂಶ ಮಾತ್ರ ಕಾಣುತ್ತದೆ, ಎರರ್ ಮಾಯ.

ಇನ್ನೊಂದು ಗುಂಡಿ ಕ್ರಾನ್‌ಟ್ಯಾಬ್‌ನಲ್ಲೇ ಇದೆ. ಲಾಗ್ ಫೈಲ್‌ನ ಹೆಸರಿಗೆ ತಾರೀಕು ಸೇರಿಸಲು ಡೇಟ್ ಕಮಾಂಡನ್ನು ಅಲ್ಲಿಯೇ ಬರೆಯುತ್ತಾರೆ. ಅದರಲ್ಲಿ % ಚಿಹ್ನೆ ಬರುತ್ತದೆ. ಕ್ರಾನ್‌ಟ್ಯಾಬ್‌ನಲ್ಲಿ % ಎಂದರೆ ಹೊಸ ಸಾಲು. ಮೊದಲ % ಬಂದಲ್ಲಿಗೆ ಕಮಾಂಡ್ ಮುಗಿಯಿತು, ಉಳಿದದ್ದು ಆ ಕಮಾಂಡ್‌ಗೆ ಒಳಬರುವ ಮಾಹಿತಿ ಎಂದು ಕ್ರಾನ್ ತಿಳಿದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸಾಲು ರಾತ್ರಿ ಮಾತ್ರ ಓಡುವುದಿಲ್ಲ. ಪ್ರತಿ % ಮುಂದೆ ಒಂದು \ ಹಾಕಬಹುದು. ತಾರೀಕಿನ ಕೆಲಸವನ್ನೆಲ್ಲ ಸ್ಕ್ರಿಪ್ಟ್‌ನೊಳಗೆ ಇಟ್ಟುಕೊಂಡರೆ ಇನ್ನೂ ವಾಸಿ. ಜೊತೆಗೆ, ಕ್ರಾನ್‌ಗೆ ಕಮಾಂಡ್ ಹುಡುಕುವ ಜಾಗಗಳೂ ಕಡಿಮೆ. ನಿಮ್ಮ ಟರ್ಮಿನಲ್‌ಗೆ ಗೊತ್ತಿರುವ ಕಮಾಂಡ್ ಅದಕ್ಕೆ ಗೊತ್ತಿಲ್ಲದೆ 127 ಎಂಬ ಕೋಡ್‌ನೊಂದಿಗೆ ನಿಂತುಬಿಡಬಹುದು.

ಕ್ರಾನ್ ಸಾಲಿನ ಕೊನೆಗೆ ಎಲ್ಲವನ್ನೂ ಹಾಕಿದ್ದೆಲ್ಲ ಮಾಯವಾಗುವ /ಡೆವ್/ನಲ್‌ಗೆ ಸುರಿಯುವ ಅಭ್ಯಾಸ ಇದೆಯಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ. ಎಲ್ಲಿಂದಲೋ ನಕಲು ಮಾಡಿದ ಸಾಲಿನ ಜೊತೆ ಅದೂ ಬಂದಿರುತ್ತದೆ. ಎರರ್ ಬಂದರೂ ಯಾರಿಗೂ ತಿಳಿಯಬಾರದು ಎಂದು ಕಂಪ್ಯೂಟರಿಗೆ ನೀವೇ ಬರೆದುಕೊಟ್ಟ ಹಾಗೆ ಅದು.

ಈಗ ಲಾಗ್ ಫೈಲ್ ಇದೆ, ಅದರಲ್ಲಿ ‘ಬ್ಯಾಕಪ್ ಮುಗಿಯಿತು’ ಎಂದೂ ಇದೆ. ಅದು ನಿಜವೇ? ಸೊಸೈಟಿಯ ಸ್ಕ್ರಿಪ್ಟ್ ಮಾಡುವುದು ಇಷ್ಟು: ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಡೇಟಾ ಹೊರತೆಗೆದು, | ಪೈಪ್ (ಒಂದು ಕಮಾಂಡ್‌ನ ಫಲಿತಾಂಶವನ್ನು ಮುಂದಿನದಕ್ಕೆ ಒಯ್ಯುವ ಕೊಳವೆ) ಮೂಲಕ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟು, ಹೊರಗಿನ ಡಿಸ್ಕ್‌ನಲ್ಲಿ ಫೈಲ್ ಮಾಡುವುದು. ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದರು ಎಂದುಕೊಳ್ಳಿ. ಡಂಪ್ ಕಮಾಂಡ್ ಪ್ರವೇಶವಿಲ್ಲ ಎಂದು 2ನೇ ದಾರಿಯಲ್ಲಿ ಕೂಗಿ ಸತ್ತುಹೋಗುತ್ತದೆ. ಜಿಜಿಪ್‌ಗೆ ಬಂದದ್ದು ಬರೀ ಖಾಲಿ. ಅದು ಆ ಖಾಲಿಯನ್ನೇ ನಿಷ್ಠೆಯಿಂದ ಕುಗ್ಗಿಸಿ 20 ಬೈಟ್‌ನ ಫೈಲ್ ಮಾಡಿ, ‘ನನ್ನ ಕೆಲಸ ಸರಿಯಾಗಿ ಆಯಿತು’ ಎಂದು 0 ಹಿಂತಿರುಗಿಸುತ್ತದೆ. ಲಿನಕ್ಸ್‌ನಲ್ಲಿ 0 ಎಂದರೆ ಯಶಸ್ಸು, 1ರಿಂದ 255ರವರೆಗೆ ಯಾವುದು ಬಂದರೂ ಏನೋ ಕೆಟ್ಟಿದೆ ಎಂದು. ಪೈಪ್‌ನಲ್ಲಿ ಹಲವು ಕಮಾಂಡ್‌ಗಳಿದ್ದರೆ ಶೆಲ್ ನೋಡುವುದು ಕೊನೆಯದರ ಕೋಡ್ ಮಾತ್ರ. ಆದ್ದರಿಂದ ಆ ಕೋಡ್ ಇಟ್ಟುಕೊಳ್ಳುವ $? ನಲ್ಲಿ 0 ಸಿಗುತ್ತದೆ, ಎಕೋ ‘ಬ್ಯಾಕಪ್ ಮುಗಿಯಿತು’ ಎನ್ನುತ್ತದೆ, ಡಿಸ್ಕ್‌ನಲ್ಲಿ ದಿನಕ್ಕೊಂದರಂತೆ 20 ಬೈಟ್‌ನ ಫೈಲ್‌ಗಳು ಸಾಲಾಗಿ ಕೂರುತ್ತವೆ. ಹೆಸರು ಸರಿ, ತಾರೀಕು ಸರಿ, ಒಳಗೆ ಏನೂ ಇಲ್ಲ.

ಇದಕ್ಕೆ ಬ್ಯಾಶ್ ಎಂಬ ಶೆಲ್‌ನಲ್ಲಿ ಪೈಪ್‌ಫೇಲ್ ಎಂಬ ಸೆಟ್ಟಿಂಗ್ ಇದೆ. ಸ್ಕ್ರಿಪ್ಟ್‌ನ ಆರಂಭದಲ್ಲೇ ಅದನ್ನು ಆನ್ ಮಾಡಿದರೆ ಪೈಪ್‌ನ ಯಾವ ಕೊಂಡಿ ಕಳಚಿದರೂ ಇಡೀ ಸಾಲು ಫೇಲ್ ಎನಿಸಿಕೊಳ್ಳುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆದಿರಬೇಕು. ಉಬುಂಟುವಿನಲ್ಲಿ ಬರೀ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಇನ್ನೊಂದು ಶೆಲ್, ಅದರ ಹಳೆಯ ಆವೃತ್ತಿಗಳಿಗೆ ಪೈಪ್‌ಫೇಲ್ ಗೊತ್ತಿಲ್ಲ. ಪರದೆ ಮತ್ತು ಫೈಲ್ ಎರಡಕ್ಕೂ ಬರೆಯಲು ಟೀ ಕಮಾಂಡ್ ಬಳಸುವವರಿಗೂ ಇದೇ ಮಾತು: ಸ್ಕ್ರಿಪ್ಟ್ ಸೋತರೂ ಟೀ ಗೆದ್ದೇ ಗೆಲ್ಲುತ್ತದೆ. $? ನ ಆಯುಷ್ಯ ಕೂಡ ಒಂದೇ ಕಮಾಂಡ್‌ನಷ್ಟು. ನಡುವೆ ಒಂದು ಎಕೋ ಬಂದರೆ ಅದು ಎಕೋದ ಕೋಡ್ ಆಗಿಬಿಡುತ್ತದೆ. ಕೂಡಲೇ ಒಂದು ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಬೇಕು.

ಕೋಡ್ ಒಂದನ್ನೇ ನಂಬುವುದೂ ಸಾಲದು. ಮೈಎಸ್‌ಕ್ಯೂಎಲ್‌ಡಂಪ್ ಪೂರ್ತಿಯಾಗಿ ಮುಗಿದಾಗ ಫೈಲ್‌ನ ಕೊನೆಯ ಸಾಲಿನಲ್ಲಿ ಡಂಪ್ ಮುಗಿಯಿತೆಂಬ ಷರಾ ಬರೆಯುತ್ತದೆ. ಜೆಡ್‌ಕ್ಯಾಟ್‌ನಿಂದ ಫೈಲ್ ಬಿಚ್ಚಿ ಕೊನೆಯ ಸಾಲು ನೋಡಿದರೆ ಅರ್ಧಕ್ಕೆ ನಿಂತದ್ದು ಸಿಕ್ಕಿಬೀಳುತ್ತದೆ. ಹೊರಗಿನ ಡಿಸ್ಕ್ ನಿಜವಾಗಿ ಜೋಡಿಸಿದೆಯೇ ಎಂದು ಮೌಂಟ್‌ಪಾಯಿಂಟ್ ಕಮಾಂಡ್‌ನಿಂದ ಮೊದಲೇ ಕೇಳಬೇಕು. ಡಿಸ್ಕ್ ಕಿತ್ತಿದ್ದರೂ ಅದಕ್ಕೆಂದು ಮಾಡಿಟ್ಟ ಖಾಲಿ ಫೋಲ್ಡರ್ ಹಾಗೇ ಇರುತ್ತದೆ, ಬ್ಯಾಕಪ್ ಸದ್ದಿಲ್ಲದೆ ಒಳಗಿನ ಡಿಸ್ಕ್‌ಗೇ ಬೀಳುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ‘ಮುಗಿಯಿತು’ ಎನ್ನುವ ಹಕ್ಕು ಸ್ಕ್ರಿಪ್ಟ್‌ಗೆ ಬರುತ್ತದೆ.

ಸಾಲಿನಲ್ಲಿ ಏನಿರಬೇಕು ಎಂಬುದಕ್ಕೆ ನನಗೆ ಹಿಡಿಸಿದ ಮಾದರಿ ನಮ್ಮ ಕಡೆಯ ಪತ್ರಿಕೆಗಳಲ್ಲೇ ಇದೆ. ಮಳೆಗಾಲ ಬಂತೆಂದರೆ ಆಲಮಟ್ಟಿಯ ಆ ಪುಟ್ಟ ಚೌಕ ಬರುತ್ತದಲ್ಲ: ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ದಿನವೂ ಅದೇ ಆಕಾರ, ಅದೇ ಕ್ರಮ. ಇಂದಿನ ಸಂಖ್ಯೆಯ ಪಕ್ಕದಲ್ಲೇ ಅದನ್ನು ಹೋಲಿಸಿ ನೋಡಬೇಕಾದ ಸಂಖ್ಯೆ. ನದಿದಂಡೆಯ ರೈತ ಅದನ್ನು ಓದುವುದಿಲ್ಲ, ಕಣ್ಣಾಡಿಸುತ್ತಾನೆ ಅಷ್ಟೆ, ನೀರು ಬಿಡುವ ಹೊತ್ತು ಬಂತೋ ಇಲ್ಲವೋ ತಿಳಿಯುತ್ತದೆ. ‘ಜಲಾಶಯ ಚೆನ್ನಾಗಿದೆ’ ಎಂದು ಬರೆದಿದ್ದರೆ ಯಾರಿಗೆ ಏನು ಉಪಯೋಗ?

ಸ್ಕ್ರಿಪ್ಟ್‌ನ ಸಾಲೂ ಹಾಗೇ ಇರಲಿ. ತಾರೀಕು, ವೇಳೆ, ಸ್ಕ್ರಿಪ್ಟ್ ಹೆಸರು, ಏನಾಯಿತು, ಎಷ್ಟು, ನಿನ್ನೆ ಎಷ್ಟಿತ್ತು. ‘ಬ್ಯಾಕಪ್ ಸರಿ, 214 ಎಂಬಿ, ನಿನ್ನೆ 213, ಡಿಸ್ಕ್‌ನಲ್ಲಿ ಉಳಿದದ್ದು 61 ಜಿಬಿ’ ಎಂದಿದ್ದರೆ ಯಾರೂ ವಿವರಿಸಬೇಕಿಲ್ಲ. ನಾಳೆ 214ರ ಜಾಗದಲ್ಲಿ 90 ಬಂದರೆ ‘ಸರಿ’ ಎಂದು ಬರೆದಿದ್ದರೂ ಕಣ್ಣಿಗೆ ಚುಚ್ಚುತ್ತದೆ. ತಾರೀಕನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ, ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮ ಕೆಡುವುದಿಲ್ಲ. ಫೇಲ್ ಆದಾಗಿನ ಸಾಲಿನಲ್ಲಿ ಯಾವ ಹೆಜ್ಜೆಯಲ್ಲಿ, ಯಾವ ಕೋಡ್‌ನಿಂದ ಎಂಬುದು ಇರಲಿ. 137 ಎಂದಿದ್ದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ ಎಂದರ್ಥ. ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಕೊಂದಾಗಲೂ ಇದೇ ಕೋಡ್ ಬರುತ್ತದೆ: 128ಕ್ಕೆ ಕಿಲ್ ಸಿಗ್ನಲ್‌ನ ನಂಬರ್ 9 ಕೂಡಿಸಿ. ಸ್ಕ್ರಿಪ್ಟ್ ನಡುವೆಯೇ ನಿಂತರೂ ಕೊನೆಯ ಸಾಲು ಬರೆದೇ ಹೋಗುವಂತೆ ಮಾಡಲು ಟ್ರ್ಯಾಪ್ ಎಂಬ ಸೌಲಭ್ಯವಿದೆ. ಈ ಕಿಲ್ ಒಂದಕ್ಕೆ ಮಾತ್ರ ಅದರ ಆಟ ನಡೆಯುವುದಿಲ್ಲ.

ಸ್ವಂತ ಲಾಗ್ ಫೈಲ್ ಸಾಕಿಕೊಳ್ಳುವುದಕ್ಕಿಂತ ಲಾಗರ್ ಕಮಾಂಡ್‌ನಿಂದ ಸಿಸ್ಟಮ್‌ನ ಲಾಗ್‌ಗೇ ಬರೆಯುವುದು ಹಗುರ. ಒಂದು ಹೆಸರಿನ ಚೀಟಿ ಅಂಟಿಸಿ, ಎಷ್ಟು ಗಂಭೀರ ಎಂಬ ಮಟ್ಟ ಕೊಟ್ಟರೆ ಆಯಿತು. ಮಟ್ಟಗಳು ಎಂಟು, ತುರ್ತು ಎಂಬ 0ಯಿಂದ ಡೀಬಗ್ ಎಂಬ 7ರವರೆಗೆ. ಇಲ್ಲಿಯೂ 0 ಇದೆ, ಆದರೆ ಇಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ! ದಿನಬಳಕೆಗೆ ಮೂರು ಸಾಕು: ಮಾಹಿತಿ, ಎಚ್ಚರಿಕೆ, ಎರರ್. ಆಮೇಲೆ ಆ ಲಾಗ್ ಓದಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಆ ಹೆಸರು ಕೊಟ್ಟು ಕೇಳಿದರೆ ಆ ಸ್ಕ್ರಿಪ್ಟ್‌ನ ಸಾಲುಗಳಷ್ಟೇ ಬರುತ್ತವೆ. ಹಳೆಯದನ್ನು ಕಳೆಯುವ ಚಿಂತೆಯೂ ನಿಮ್ಮದಲ್ಲ. ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಬಳಸಿದರೆ ಲಾಗರ್ ಕೂಡ ಬೇಡ, ಬರೀ ಎಕೋ ಮಾಡಿದ್ದೂ ತಾನಾಗಿ ಜರ್ನಲ್ ಎಂಬ ಆ ಸಿಸ್ಟಮ್ ಲಾಗ್ ಸೇರುತ್ತದೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂದರೆ ಕೊನೆಯ ಹತ್ತು ಸಾಲು ಮತ್ತು ಎಕ್ಸಿಟ್ ಕೋಡ್ ಒಟ್ಟಿಗೇ ಕಾಣುತ್ತವೆ. ಫೇಲ್ ಆದರೆ ಇನ್ನೊಂದು ಕೆಲಸ ಶುರು ಮಾಡು ಎಂದು ಹೇಳುವ ಆನ್‌ಫೇಲ್ಯೂರ್ ಸಾಲೂ ಇದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಟೈಮರನ್ನೇ ಹೇಳುತ್ತೇನೆ.

ಆದರೆ ಕ್ಯಾಶಿಯರ್ ಜರ್ನಲ್ ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ಲಾಗ್ ಇರುವುದು ರಿಪೇರಿ ಮಾಡುವವನಿಗೆ. ಕುರ್ಚಿಯಲ್ಲಿ ಕೂತವರಿಗೆ ಪರದೆಯ ಮೇಲೆ ಕಾಣಬೇಕು. ಇದಕ್ಕೆ ನೋಟಿಫೈ-ಸೆಂಡ್ ಇದೆ, ಮೂಲೆಯಲ್ಲಿ ಒಂದು ಚೌಕ ಮೂಡಿಸುತ್ತದೆ. ಟರ್ಮಿನಲ್‌ನಿಂದ ಚೆನ್ನಾಗಿ ನಡೆಯುತ್ತದೆ, ಕ್ರಾನ್‌ನಿಂದ ಏನೂ ಕಾಣುವುದಿಲ್ಲ. ಯಾಕೆಂದರೆ ಆ ಚೌಕ ತೋರಿಸುವುದು ಲಾಗಿನ್ ಆದವರ ಡೆಸ್ಕ್‌ಟಾಪ್, ಅದರ ಜೊತೆ ಮಾತಾಡುವ ಡಿ-ಬಸ್ ವಿಳಾಸ ಕ್ರಾನ್‌ಗೆ ಗೊತ್ತಿರುವುದಿಲ್ಲ. ಆ ವಿಳಾಸ ರನ್ ಫೋಲ್ಡರಿನೊಳಗೆ ಯೂಸರ್‌ನ ನಂಬರಿನ ಕೆಳಗೆ ಬಸ್ ಎಂಬ ಹೆಸರಲ್ಲಿ ಇರುತ್ತದೆ. ಉಬುಂಟುವಿನ ಮೊದಲ ಯೂಸರ್‌ಗೆ ಆ ನಂಬರ್ 1000. ಸ್ಕ್ರಿಪ್ಟ್‌ನಲ್ಲಿ ಅದನ್ನು ಹೇಳಿಕೊಟ್ಟರೆ ಚೌಕ ಬರುತ್ತದೆ. ರಾತ್ರಿ ಹನ್ನೊಂದೂವರೆಗೆ ಬಂದು ಹೋಗುತ್ತದೆ, ನೋಡಲು ಯಾರೂ ಇರುವುದಿಲ್ಲ ಎಂಬುದು ಬೇರೆ ಮಾತು. ವಾಲ್ ಕಮಾಂಡ್ ತೆರೆದ ಟರ್ಮಿನಲ್‌ಗಳಿಗೆಲ್ಲ ಸಾರುತ್ತದೆ, ಸರ್ವರ್ ಮುಂದೆ ಕೂತವರಿಗೆ ಸರಿ, ಸೊಸೈಟಿಗೆ ಬೇಡ.

ಫೋನಿಗೆ ಕಳಿಸುವುದಾದರೆ ಟೆಲಿಗ್ರಾಂ ಬಾಟ್ ಸುಲಭ. ಬಾಟ್ ಮಾಡಿಕೊಡುವ ಟೆಲಿಗ್ರಾಂನ ಬಾಟ್‌ಫಾದರ್‌ನಿಂದ ಒಂದು ಟೋಕನ್ (ಗುಟ್ಟಿನ ಕೀಲಿ) ಪಡೆದು ಕರ್ಲ್ ಕಮಾಂಡ್‌ನ ಒಂದು ಸಾಲಿನಿಂದ ಸಂದೇಶ ಹೋಗುತ್ತದೆ. ಟೋಕನ್ ಸಿಕ್ಕವರೆಲ್ಲ ಆ ಬಾಟ್‌ನ ಹೆಸರಲ್ಲಿ ಮಾತಾಡಬಹುದು, ಹಾಗಾಗಿ ಅದನ್ನು ಮಾಲೀಕ ಮಾತ್ರ ಓದಬಲ್ಲ 600 ಪರ್ಮಿಷನ್‌ನ ಬೇರೆ ಫೈಲ್‌ನಲ್ಲಿಡಿ. ಖಾತೆದಾರರ ಹೆಸರು, ಮೊತ್ತ ಯಾವುದೂ ಸಂದೇಶದಲ್ಲಿ ಬರಕೂಡದು. ಕರ್ಲ್‌ಗೆ ಸಮಯದ ಮಿತಿ ಕೊಡಿ, ಇಲ್ಲದಿದ್ದರೆ ನೆಟ್ ಕೈಕೊಟ್ಟ ರಾತ್ರಿ ಸ್ಕ್ರಿಪ್ಟ್ ಅಲ್ಲೇ ನೇತಾಡುತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ತೂತು ಉಳಿದಿದೆ, ಎಲ್ಲಕ್ಕಿಂತ ದೊಡ್ಡದು ಅದೇ. ಹನ್ನೊಂದೂವರೆಗೆ ಕರೆಂಟ್ ಇಲ್ಲ, ಯುಪಿಎಸ್ ಆಗಲೇ ಬರಿದಾಗಿದೆ. ಸ್ಕ್ರಿಪ್ಟ್ ಓಡಲೇ ಇಲ್ಲ. ಓಡದ ಸ್ಕ್ರಿಪ್ಟ್ ಎರರ್ ಕಳಿಸುವುದಿಲ್ಲ. ‘ಕೆಟ್ಟರೆ ಮಾತ್ರ ಹೇಳು’ ಎಂಬ ಪದ್ಧತಿ ಇಲ್ಲಿ ಪೂರ್ತಿ ಸೋಲುತ್ತದೆ, ಯಾಕೆಂದರೆ ಎಲ್ಲ ಸರಿ ಇದ್ದಾಗಲೂ ಮೌನ, ಏನೂ ನಡೆಯದಿದ್ದಾಗಲೂ ಮೌನ. ಸುದ್ದಿಯಿಲ್ಲದಿದ್ದರೆ ಒಳ್ಳೆಯ ಸುದ್ದಿ ಎಂಬ ಯುನಿಕ್ಸ್‌ನ ಹಳೆಯ ಸಂಪ್ರದಾಯ ಎದುರಿಗೆ ಮನುಷ್ಯ ಕೂತಿರುವಾಗ ಸೊಗಸು, ಕಮಾಂಡ್ ಮುಗಿದದ್ದು ಅವನಿಗೆ ಕಾಣುತ್ತದೆ. ತಾನಾಗಿ ಓಡುವ ಕೆಲಸಕ್ಕೆ ಅದು ಹೊಂದುವುದಿಲ್ಲ. ಟೈಮರ್‌ನಲ್ಲಿ ಪರ್ಸಿಸ್ಟೆಂಟ್ ಎಂಬ ಸಾಲು ಹಾಕಿದರೆ ತಪ್ಪಿಹೋದ ಓಟವನ್ನು ಕಂಪ್ಯೂಟರ್ ಆನ್ ಆದ ಮೇಲೆ ಮಾಡಿಸುತ್ತದೆ, ಕ್ರಾನ್ ಲೋಕದಲ್ಲಿ ಅನಾಕ್ರಾನ್ ಅದನ್ನೇ ಮಾಡುತ್ತದೆ. ಆದರೂ ‘ಆಗಿದೆಯೇ’ ಎಂದು ಹೊರಗಿನಿಂದ ಒಬ್ಬರು ಕೇಳಲೇಬೇಕು.

ನಾನು ಇಷ್ಟಪಡುವ ಏರ್ಪಾಡು ಹೀಗಿದೆ. ರಾತ್ರಿಯ ಸ್ಕ್ರಿಪ್ಟ್ ಕೊನೆಗೆ ಒಂದೇ ಸಾಲಿನ ಸ್ಟೇಟಸ್ ಫೈಲ್ ಬರೆಯುತ್ತದೆ. ನೇರವಾಗಿ ಬರೆಯುವುದಿಲ್ಲ: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಲ್ಲಿ ಬರೆದು ಎಂವಿ ಕಮಾಂಡ್‌ನಿಂದ ಹೆಸರು ಬದಲಿಸುತ್ತದೆ, ಅರ್ಧ ಬರೆದ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ಕ್ಯಾಶಿಯರ್ ಲಾಗಿನ್ ಆದ ಕೂಡಲೇ ಶುರುವಾಗುವ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಆ ಫೈಲ್ ಓದುತ್ತದೆ. ಅದು ಮೊದಲು ನೋಡುವುದು ಫೈಲ್‌ನ ವಯಸ್ಸು. ಕಳೆದ ರಾತ್ರಿಯದಲ್ಲದಿದ್ದರೆ ಒಳಗೆ ‘ಸರಿ’ ಎಂದಿದ್ದರೂ ಲೆಕ್ಕಕ್ಕಿಲ್ಲ. ಆಮೇಲೆ ಜೆನಿಟಿಯಿಂದ ಒಂದು ಕಿಟಕಿ ತೆರೆಯುತ್ತದೆ, ಓಕೆ ಒತ್ತುವವರೆಗೆ ಹೋಗುವುದಿಲ್ಲ. ಒಳ್ಳೆಯದಾದರೂ ಕೆಟ್ಟದಾದರೂ ದಿನವೂ ಬರುತ್ತದೆ. ಒಂದು ದಿನ ಕಿಟಕಿಯೇ ಬರದಿದ್ದರೆ? ಬೆಳಿಗ್ಗೆ ಓಕೆ ಒತ್ತಿ ರೂಢಿಯಾದವರು ಆಗ ತಾವೇ ಫೋನ್ ಮಾಡುತ್ತಾರೆ, ‘ಸರ, ಇವತ್ತ ಅದು ಬರಲೇ ಇಲ್ರಿ’ ಎಂದು.

ಕಿಟಕಿಯ ಮಾತು ಕನ್ನಡದಲ್ಲಿರಲಿ, ಲಾಗ್ ಇಂಗ್ಲಿಷಿನಲ್ಲೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಭಾಷೆಯ ಮೇಲು ಕೀಳಿಲ್ಲ, ತಾಂತ್ರಿಕ ಕಾರಣ ಇದೆ. ಜೆನಿಟಿ, ನೋಟಿಫೈ-ಸೆಂಡ್ ಎರಡೂ ಡೆಸ್ಕ್‌ಟಾಪ್‌ನ ಫಾಂಟ್ ವ್ಯವಸ್ಥೆ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಡೆಸ್ಕ್‌ಟಾಪ್ ಇಲ್ಲದ ಕಪ್ಪು ಕನ್ಸೋಲ್‌ನ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಚಿತ್ರಗಳಿಗೆ ಜಾಗ, ಅಲ್ಲಿ ಕನ್ನಡ ಬರೀ ಚೌಕಗಳಾಗುತ್ತದೆ. ಅಕ್ಷರಗಳನ್ನು ಅಂಕಣವಾಗಿ ಜೋಡಿಸಲು ಹೋದರೆ ಇನ್ನೊಂದು ತೊಡಕು: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಬ್ಯಾಶ್‌ನ ಪ್ರಿಂಟ್‌ಎಫ್ ಅಗಲವನ್ನು ಬೈಟ್‌ಗಳಲ್ಲಿ ಎಣಿಸುತ್ತದೆ, ಸಾಲುಗಳು ಸೊಟ್ಟಗಾಗುತ್ತವೆ. ಬಣ್ಣ, ಓಡುವ ಪ್ರೊಗ್ರೆಸ್ ಬಾರ್‌ಗಳಿಗೂ ಇದೇ ಗತಿ: ಪರದೆಯಲ್ಲಿ ಚಂದ, ಲಾಗ್‌ನಲ್ಲಿ ಕಸ. 1ನೇ ದಾರಿ ಟರ್ಮಿನಲ್‌ಗೇ ಹೋಗುತ್ತಿದೆಯೇ ಎಂದು ಟೆಸ್ಟ್ ಕಮಾಂಡ್‌ಗೆ ಕೇಳಿ, ಹೌದಾದರೆ ಮಾತ್ರ ಬಣ್ಣ ಹಚ್ಚಿ.

ಎಲ್ಲ ಬರೆದಾದ ಮೇಲೆ ಬೇಕೆಂದೇ ಕೆಡಿಸಿ ನೋಡಿ. ಹೊರಗಿನ ಡಿಸ್ಕ್ ಕಿತ್ತು ಒಂದು ಸಲ, ಪಾಸ್‌ವರ್ಡ್ ತಪ್ಪು ಕೊಟ್ಟು ಒಂದು ಸಲ, ಟೈಮರ್ ನಿಲ್ಲಿಸಿ ಒಂದು ಸಲ. ಮೂರಕ್ಕೂ ಬೇರೆ ಬೇರೆ ಮಾತು ಬರಬೇಕು, ಮತ್ತು ಆ ಮಾತು ಓದಿದ ಕ್ಯಾಶಿಯರ್‌ಗೆ ಮುಂದೇನು ಮಾಡಬೇಕೆಂದು ತಿಳಿಯಬೇಕು: ‘ಡಿಸ್ಕ್ ಜೋಡಿಸಿಲ್ಲ. ಕಪ್ಪು ಕೇಬಲ್ ನೋಡಿ, “ಮತ್ತೆ ಓಡಿಸಿ” ಎಂಬ ಬಟನ್ ಒತ್ತಿ.’